ತುರ್ತು ಸೂರು: ಊರಿನ ಮಣ್ಣು, ಗಣಕದ ಲೆಕ್ಕ

ಭೂಕಂಪ, ನೆರೆ, ಭೂಕುಸಿತ, ಯುದ್ಧ ಯಾವುದರಿಂದಲೇ ಆಗಲಿ, ಮನೆ ಕಳೆದುಕೊಂಡ ಕುಟುಂಬಕ್ಕೆ ಅನ್ನ, ನೀರು, ಔಷಧಗಳ ಬೆನ್ನಿಗೇ ಬೇಕಾಗುವುದು ಒಂದು ಸೂರು. ಮೊದಲ ಕೆಲವು ದಿನಗಳನ್ನು ಶಾಲೆಯ ಕೊಠಡಿಯಲ್ಲೋ ಸಮುದಾಯ ಭವನದಲ್ಲೋ ತೆರೆದ ಕಾಳಜಿ ಕೇಂದ್ರದಲ್ಲಿ ಕಳೆಯಬಹುದು. ಕೊನೆಗೊಂದು ದಿನ ಶಾಶ್ವತವಾದ ಮನೆಯೂ ಎದ್ದು ನಿಲ್ಲಬಹುದು. ಆದರೆ ಇವೆರಡರ ನಡುವಿನ ಕಾಲ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಹಿಗ್ಗುತ್ತದೆ, ಮತ್ತು ಆ ಕಾಲದಲ್ಲಿಯೇ ಬಾಣಂತನಗಳು ನಡೆಯುತ್ತವೆ, ಮಕ್ಕಳು ಪರೀಕ್ಷೆಗೆ ಓದುತ್ತಾರೆ, ವಯಸ್ಸಾದವರು ಹಾಸಿಗೆ ಹಿಡಿಯುತ್ತಾರೆ. ಈ ನಡುಗಾಲದ ಮನೆಯನ್ನೇ ಇಲ್ಲಿ ತುರ್ತು ಸೂರು ಎಂದು ಕರೆಯಲಾಗಿದೆ. ಪರಿಹಾರ ಕಾರ್ಯದ ಕನಿಷ್ಠ ಮಟ್ಟಗಳನ್ನು ಗೊತ್ತುಪಡಿಸುವ ‘ಸ್ಫಿಯರ್’ ಎಂಬ ಅಂತರರಾಷ್ಟ್ರೀಯ ಕೈಪಿಡಿಯ ಪ್ರಕಾರ, ಅಡುಗೆ ಮತ್ತು ಸ್ನಾನದ ಜಾಗವನ್ನು ಬಿಟ್ಟು, ಒಬ್ಬೊಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಇರಬೇಕು. ಐದು ಮಂದಿಯ ಕುಟುಂಬಕ್ಕೆ ಇದು ಸುಮಾರು 190 ಚದರ ಅಡಿ ಆಗುತ್ತದೆ.

ಇಷ್ಟು ಜಾಗವನ್ನು ಬೇಗನೆ ಒದಗಿಸಲು ಸರಕಾರಗಳೂ ಪರಿಹಾರ ಸಂಸ್ಥೆಗಳೂ ನೆಚ್ಚಿಕೊಂಡಿರುವುದು ಡೇರೆ, ತಾಡಪಾಲು ಮತ್ತು ತಗಡಿನ ಶೆಡ್ಡುಗಳನ್ನು. ಇವು ಲಾರಿಯಲ್ಲಿ ಬರುತ್ತವೆ, ಒಂದೇ ದಿನದಲ್ಲಿ ನಿಲ್ಲುತ್ತವೆ, ಆದ್ದರಿಂದ ಮೊದಲ ವಾರಗಳ ಮಟ್ಟಿಗೆ ಇವನ್ನು ಹಳಿಯುವುದು ನ್ಯಾಯವಲ್ಲ. ಆದರೆ ಬಿಸಿಲು ಮಳೆಗೆ ಒಡ್ಡಿದ ಡೇರೆಯ ಬಟ್ಟೆ ಒಂದೆರಡು ವರ್ಷಗಳಲ್ಲಿ ಜೀರ್ಣವಾಗುತ್ತದೆ, ತಗಡಿನ ಶೆಡ್ಡು ಮಾರ್ಚಿ ತಿಂಗಳಿನಿಂದಾಚೆಗೆ ಹಗಲು ಹೊತ್ತು ಕೂರಲಾರದಷ್ಟು ಕಾಯುತ್ತದೆ, ಮತ್ತು ದೂರದ ಕಾರ್ಖಾನೆಗಳಿಂದ ಬಂದ ಈ ಸಾಮಗ್ರಿಗೆ ತೆತ್ತ ಹಣದಲ್ಲಿ ಒಂದು ಪಾಲೂ ಸಂತ್ರಸ್ತರ ಊರಿನಲ್ಲಿ ಕೂಲಿಯಾಗಿ ಉಳಿಯುವುದಿಲ್ಲ. ಆದುದರಿಂದಲೇ ಕಳೆದ ಮೂರು ನಾಲ್ಕು ದಶಕಗಳಲ್ಲಿ ಹಲವು ದೇಶಗಳ ವಾಸ್ತುಶಿಲ್ಪಿಗಳು ಮಣ್ಣು, ಬಿದಿರು, ಹುಲ್ಲು, ಸುಣ್ಣಗಳ ಕಡೆಗೆ ಮರಳಿದ್ದಾರೆ. ಈಚಿನ ವರ್ಷಗಳಲ್ಲಿ ಗಣಕ, ಉಪಗ್ರಹ, ಡ್ರೋನ್, ಯಂತ್ರಮುದ್ರಣ ಮೊದಲಾದ ಡಿಜಿಟಲ್ ಸಾಧನಗಳೂ ಈ ಹಳೆಯ ಸಾಮಗ್ರಿಗಳ ಜೊತೆಗೂಡಿವೆ. ಭಾರವಾದ ವಸ್ತು ಆಯಾ ಊರಿನದೇ ಆಗಿರಲಿ, ದೂರದಿಂದ ಬರಬೇಕಾದದ್ದು ತೂಕವಿಲ್ಲದ ಲೆಕ್ಕ ಮತ್ತು ತಿಳಿವಳಿಕೆ ಮಾತ್ರ ಎಂಬುದು ಈ ಕೂಡಿಕೆಯ ಹಿಂದಿರುವ ತತ್ತ್ವ.

ಈ ತತ್ತ್ವವನ್ನು ಅರಿಯಲು ಮಣ್ಣಿನ ಸ್ವಭಾವದಿಂದಲೇ ಆರಂಭಿಸಬೇಕು. ಮಣ್ಣಿನ ಗೋಡೆ ತನ್ನ ಮೇಲೆ ಬಿದ್ದ ಭಾರವನ್ನು, ಅಂದರೆ ಅದುಮುವ ಬಲವನ್ನು, ಚೆನ್ನಾಗಿ ತಾಳಿಕೊಳ್ಳುತ್ತದೆ; ಎಳೆಯುವ ಬಲವನ್ನು ಮಾತ್ರ ಅದು ತಾಳದು, ಸೀಳಿಹೋಗುತ್ತದೆ. ಬಿದಿರು ಹಾಗಲ್ಲ; ಎಳೆತಕ್ಕೆ ಅದರ ನಾರು ಜಗ್ಗುವುದಿಲ್ಲ. ಹೀಗಿರುವಾಗ ಮಣ್ಣೊಂದರಿಂದಲೇ ಚಾವಣಿಯನ್ನೂ ಕಟ್ಟಬೇಕಾದರೆ, ಎಲ್ಲಿಯೂ ಎಳೆತ ಹುಟ್ಟದಂಥ ಆಕಾರವನ್ನು ಹುಡುಕಬೇಕಾಗುತ್ತದೆ. ಎರಡು ತುದಿಗಳಿಂದ ಇಳಿಬಿಟ್ಟ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲಿಯೂ ಬರಿಯ ಎಳೆತವಿರುತ್ತದೆ, ಅದೇ ಬಾಗನ್ನು ತಲೆಕೆಳಗು ಮಾಡಿ ಕಮಾನು ಕಟ್ಟಿದರೆ ಅದರಲ್ಲಿ ಬರಿಯ ಅದುಮುವಿಕೆ ಇರುತ್ತದೆ ಎಂಬ ನಿಯಮವನ್ನು 17ನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಕಂಡುಕೊಂಡಿದ್ದನು. ಪರ್ಷಿಯದ, ಅಂದರೆ ಇಂದಿನ ಇರಾನಿನ, ಕಸುಬುದಾರರು ಈ ನಿಯಮವನ್ನು ಸೂತ್ರವಾಗಿ ಬರೆದಿಡದೆ, ಅದಕ್ಕೂ ಎಷ್ಟೋ ಶತಮಾನಗಳ ಮೊದಲಿನಿಂದ ಹಸಿ ಇಟ್ಟಿಗೆಯ ಗುಮ್ಮಟಗಳನ್ನು ಕಟ್ಟುತ್ತ ಬಂದಿದ್ದರು.

ಆ ನಾಡಿನಲ್ಲಿಯೇ ಹುಟ್ಟಿದ ವಾಸ್ತುಶಿಲ್ಪಿ ನಾದರ್ ಖಲೀಲಿಯವರು (1936–2008) ಗುಮ್ಮಟದ ಈ ವಿದ್ಯೆಯನ್ನು ನಿರಾಶ್ರಿತರ ಕೈಗೆ ಒದಗಿಸಲು ಹೊರಟವರು. ಚಂದ್ರನ ಮೇಲೆ ನೆಲೆ ಕಟ್ಟುವುದು ಹೇಗೆಂಬ ವಿಷಯದ ಮೇಲೆ 1984ರಲ್ಲಿ ಅಮೆರಿಕದಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ, ಭೂಮಿಯಿಂದ ಇಟ್ಟಿಗೆ ಸಿಮೆಂಟು ಹೊತ್ತೊಯ್ಯುವುದಕ್ಕಿಂತ ಅಲ್ಲಿನ ಮಣ್ಣಿನಿಂದಲೇ ಕಟ್ಟಬೇಕೆಂಬ ವಿಚಾರವನ್ನು ಅವರು ಮಂಡಿಸಿದರು. ಎಲ್ಲವನ್ನೂ ಕಳೆದುಕೊಂಡು ಬಯಲಿನಲ್ಲಿ ನಿಂತ ನಿರಾಶ್ರಿತನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವನ ಪಾಲಿಗೆ ಉಳಿದಿರುವ ಕಟ್ಟಡ ಸಾಮಗ್ರಿ ಕಾಲ ಕೆಳಗಿನ ನೆಲವೊಂದೇ. ಕ್ಯಾಲಿಫೋರ್ನಿಯದ ಹೆಸ್ಪೀರಿಯ ಎಂಬ ಮರುಭೂಮಿಯ ಊರಿನಲ್ಲಿ 1991ರಲ್ಲಿ ‘ಕ್ಯಾಲ್‌ಅರ್ಥ್’ ಸಂಸ್ಥೆಯನ್ನು ತೆರೆದು ಅವರು ಬೆಳೆಸಿದ ಪದ್ಧತಿಗೆ ‘ಸೂಪರ್ ಅಡೋಬಿ’ ಎಂದು ಹೆಸರು. ಅಡೋಬಿ ಎಂದರೆ ಸುಡದ ಹಸಿ ಇಟ್ಟಿಗೆ.

ಈ ಪದ್ಧತಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ. ಸ್ಥಳದ ಮಣ್ಣಿಗೆ ಕೊಂಚ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸಿ, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟು ಮಾತ್ರ ತೇವ ಮಾಡಿ, ಡಬ್ಬಿ ಡಬ್ಬಿಯಾಗಿ ಉದ್ದನೆಯ ಕೊಳವೆಯಂಥ ಪಾಲಿಪ್ರೊಪಿಲೀನ್ ಚೀಲಕ್ಕೆ ತುಂಬುತ್ತಾರೆ. ತುಂಬುತ್ತ ಹೋದಂತೆ ಚೀಲವನ್ನು ವೃತ್ತಾಕಾರವಾಗಿ ಮಲಗಿಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಅದರ ಮೇಲೆ ಮುಳ್ಳುತಂತಿಯ ಎರಡು ಎಳೆಗಳನ್ನು ಹಾಸಿ, ಮತ್ತೆ ಮುಂದಿನ ಸುತ್ತನ್ನು ಏರಿಸುತ್ತಾರೆ. ಮುಳ್ಳುಗಳು ಕೆಳಗಿನ ಚೀಲವನ್ನೂ ಮೇಲಿನ ಚೀಲವನ್ನೂ ಕಚ್ಚಿ ಹಿಡಿಯುತ್ತವೆ, ತಂತಿ ಮಣ್ಣು ತಾಳಲಾರದ ಎಳೆತವನ್ನು ತಾನು ಹೊರುತ್ತದೆ. ಪ್ರತಿಯೊಂದು ಸುತ್ತು ಎಷ್ಟು ಒಳಕ್ಕೆ ಸರಿಯಬೇಕು ಎಂಬುದನ್ನು ಹೇಳುವುದಕ್ಕೆ ಎರಡು ಸರಪಳಿಗಳು ಸಾಕು: ಒಂದನ್ನು ನೆಲದ ನಡುವೆ ನೆಟ್ಟು ವೃತ್ತವನ್ನು ಗುರುತಿಸುತ್ತಾರೆ, ಇನ್ನೊಂದನ್ನು ಗೋಡೆಯ ಬುಡಕ್ಕೆ ಕಟ್ಟಿ ಎದುರು ಬದಿಯ ಬಾಗನ್ನು ಅಳೆಯುತ್ತಾರೆ. ಬರಹ ಬಾರದವರೂ ಇದನ್ನು ಬೇಗ ಕಲಿಯಬಲ್ಲರು. ಕೊಲ್ಲಿ ಯುದ್ಧದ ತರುವಾಯ ಇರಾನಿನ ಖುಜೆಸ್ತಾನ ಪ್ರಾಂತದಲ್ಲಿ ಆಶ್ರಯ ಪಡೆದಿದ್ದ ಇರಾಕಿ ನಿರಾಶ್ರಿತರು 1995ರಲ್ಲಿ ಹೀಗೆಯೇ ತಮ್ಮ ಗುಮ್ಮಟಗಳನ್ನು ಕಟ್ಟಿಕೊಂಡರು, ಮತ್ತು ಈ ಯೋಜನೆಗೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಇದರಲ್ಲೊಂದು ಕೊರತೆಯೂ ಇದೆ: ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಹರಿಯುವ ವಸ್ತುವಾದ್ದರಿಂದ ಕಟ್ಟಿದ ಕೂಡಲೇ ಹೊರಗೆ ಗಾರೆ ಬಳಿಯದೆ ಹೋದರೆ ಗುಮ್ಮಟ ಬಾಳುವುದಿಲ್ಲ.

ಖಲೀಲಿಯವರ ಸರಪಳಿ ಮಾಡಿದ ಕೆಲಸವನ್ನು ಈಗ ಗಣಕವೂ ಮಾಡತೊಡಗಿದೆ. ಮೂರು ಆಯಾಮದ ಮುದ್ರಣ ಎಂದರೆ, ಗಣಕದಲ್ಲಿ ರಚಿಸಿದ ಆಕಾರವನ್ನು ತೆಳುವಾದ ಪದರಗಳನ್ನಾಗಿ ವಿಂಗಡಿಸಿ, ಯಂತ್ರದ ಮೂತಿಯಿಂದ ಮೆತ್ತನೆಯ ವಸ್ತುವನ್ನು ಪದರದ ಮೇಲೆ ಪದರವಾಗಿ ಸುರಿಯುತ್ತ ಆ ಆಕಾರವನ್ನು ಎಬ್ಬಿಸುವ ವಿಧಾನ. ಮೂತಿ ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ ಚಲಿಸಬೇಕೆಂಬ ಆಜ್ಞೆಗಳ ಸಾಲಿಗೆ ಜಿ-ಕೋಡ್ ಎಂದು ಹೆಸರು. ಮಣ್ಣನ್ನು ಹೀಗೆ ಮುದ್ರಿಸುವುದರಲ್ಲಿ ಮುಂಚೂಣಿಯಲ್ಲಿರುವುದು ಇಟಲಿಯ ‘ವಾಸ್ಪ್’ ಸಂಸ್ಥೆ. ಕೆಸರು ಮಣ್ಣನ್ನು ತಂದು ಗೂಡು ಕಟ್ಟುವ ಕಣಜದಿಂದ ಅದು ಸ್ಫೂರ್ತಿ ಪಡೆದಿದೆ. 2018ರಲ್ಲಿ ಅದು ಮಾಸಾ ಲೊಂಬಾರ್ದಾ ಎಂಬ ಊರಿನಲ್ಲಿ ಕಟ್ಟಿದ ‘ಗಾಯಾ’ ಎಂಬ ಮನೆಯ ಗೋಡೆಯಲ್ಲಿ ನೂರಕ್ಕೆ 25 ಪಾಲು ಸ್ಥಳದ ಮಣ್ಣು, 40 ಪಾಲು ಕತ್ತರಿಸಿದ ಭತ್ತದ ಹುಲ್ಲು, 25 ಪಾಲು ಭತ್ತದ ಹೊಟ್ಟು, 10 ಪಾಲು ಸುಣ್ಣವಿತ್ತು. ಸುಮಾರು 30 ಚದರ ಮೀಟರಿನ ಆ ಮನೆಯ ಗೋಡೆಗಳು ಹತ್ತು ದಿನಗಳಲ್ಲಿ ಎದ್ದವು; ಗೋಡೆಯ ಸಾಮಗ್ರಿಗೆ ತಗುಲಿದ ವೆಚ್ಚ 900 ಯೂರೋ. ವಾಸ್ತುಶಿಲ್ಪಿ ಮಾರಿಯೊ ಕುಚಿನೆಲ್ಲಾ ಅವರ ಸಂಸ್ಥೆಯೊಡನೆ 2021ರಲ್ಲಿ ಮುಗಿಸಿದ ‘ಟೆಕ್ಲಾ’ ಎಂಬ ಮತ್ತೊಂದು ಮನೆಯಲ್ಲಿ ಗೋಡೆಯಷ್ಟೇ ಅಲ್ಲ, ಗುಮ್ಮಟವೂ ಮುದ್ರಿತವಾದುದೇ: ಒಂದರೊಡನೊಂದು ಹೊಂದಿಕೊಂಡು ಚಲಿಸಿದ ಎರಡು ಯಂತ್ರಬಾಹುಗಳು 12 ಮಿಲಿಮೀಟರ್ ದಪ್ಪದ 350 ಪದರಗಳನ್ನು, ಸುಮಾರು 60 ಘನ ಮೀಟರ್ ಸಹಜ ಸಾಮಗ್ರಿಯಿಂದ, 200 ಗಂಟೆಗಳಲ್ಲಿ ಸುರಿದವು.

ಯಂತ್ರದಿಂದಾಗುವ ನಿಜವಾದ ಲಾಭ ಗೋಡೆಯ ಒಳಗಿದೆ. ಎಲ್ಲಿ ಭಾರ ಹೆಚ್ಚೋ ಅಲ್ಲಿ ಗೋಡೆಯನ್ನು ದಪ್ಪ ಮಾಡಿ, ಉಳಿದೆಡೆ ಟೊಳ್ಳು ಬಿಟ್ಟು, ಆ ಟೊಳ್ಳುಗಳ ಮೂಲಕವೇ ಗಾಳಿಯಾಡುವಂತೆ ಅಥವಾ ಹೊಟ್ಟು ತುಂಬಿ ಬಿಸಿಲು ತಡೆಯುವಂತೆ ರಚಿಸುವುದು ಗಣಕಕ್ಕೆ ಸಾಧ್ಯ. ಕೈಯಿಂದ ಅಂಥ ಗೋಡೆ ಕಟ್ಟುವುದು ಬಹಳ ಕಷ್ಟ. ಒಂದು ಊರಿನ ಹವೆಗೆ ತಕ್ಕಂತೆ ಆಕಾರವನ್ನು ತಿದ್ದಬೇಕಾದರೆ ಅಚ್ಚು ಬದಲಿಸಬೇಕಾಗಿಲ್ಲ, ಗಣಕದಲ್ಲಿರುವ ಅಂಕಿಗಳನ್ನು ಬದಲಿಸಿದರಾಯಿತು. ಆದರೂ ತುರ್ತು ಸೂರಿನ ದೃಷ್ಟಿಯಿಂದ ತೂಗಿ ನೋಡಿದಾಗ ಈ ಯಂತ್ರ ಇನ್ನೂ ಸಿದ್ಧವಾಗಿಲ್ಲವೆಂದೇ ಹೇಳಬೇಕಾಗುತ್ತದೆ. ಹಗಲು ರಾತ್ರಿ ನಡೆದರೂ ಎಂಟು ದಿನಕ್ಕೆ ಒಂದು ಮನೆ ಎಂಬ ವೇಗ, ಸಾವಿರಾರು ಕುಟುಂಬಗಳು ಒಮ್ಮೆಗೇ ಬೀದಿಗೆ ಬಿದ್ದಾಗ ಯಾವ ಮೂಲೆಗೂ ಸಾಲದು. ನೆರೆ ಬಂದ ಊರಿಗೆ ರಸ್ತೆ ಇರುವುದಿಲ್ಲ, ವಿದ್ಯುತ್ತು ಇರುವುದಿಲ್ಲ, ಕೆಟ್ಟ ಯಂತ್ರವನ್ನು ಸರಿಪಡಿಸುವವರೂ ಇರುವುದಿಲ್ಲ. ಅಮೆರಿಕದ ರೊನಾಲ್ಡ್ ರೇಲ್ ಮತ್ತು ವರ್ಜೀನಿಯಾ ಸ್ಯಾನ್ ಫ್ರಟೆಲ್ಲೊ ಎಂಬ ವಾಸ್ತುಶಿಲ್ಪಿಗಳು 2019ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಒಬ್ಬಿಬ್ಬರು ಹೊತ್ತೊಯ್ಯಬಹುದಾದ ಹಗುರ ಮುದ್ರಣಯಂತ್ರದಿಂದ, ಅಲ್ಲಿಯದೇ ಮಣ್ಣು ಮತ್ತು ಹುಲ್ಲಿನಿಂದ, ಸಣ್ಣ ರಚನೆಗಳನ್ನು ಎಬ್ಬಿಸಿ ತೋರಿಸಿದ್ದಾರೆ. ಆ ದಾರಿ ಹೆಚ್ಚು ಭರವಸೆಯದು. ಆದರೂ ಮನೆ ಕಳೆದುಕೊಂಡ ಊರಿನಲ್ಲಿ ಕೈಗಳಿಗೆ ಬರವಿರುವುದಿಲ್ಲ, ಕೆಲಸಕ್ಕೆ ಬರವಿರುತ್ತದೆ. ಆ ಕೈಗಳನ್ನು ಸುಮ್ಮನೆ ಕೂರಿಸಿ ಯಂತ್ರ ಗೋಡೆ ಎಬ್ಬಿಸುವುದು ಎಷ್ಟರಮಟ್ಟಿಗೆ ಉಪಕಾರ ಎಂಬುದು ಗಂಭೀರವಾದ ಪ್ರಶ್ನೆ.

ಸಹಜ ಸಾಮಗ್ರಿ ಎಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ಬಗೆಯುವುದೂ ತಪ್ಪು. ಕಲಬುರಗಿ, ಬೀದರ ಜಿಲ್ಲೆಗಳ ಗಡಿಯಾಚೆಗೇ ಇರುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಡೆದ ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದು ನಡುಗಿದ ನೆಲವಲ್ಲ, ಅವರ ಮನೆಗಳೇ. ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಕೂರಿಸಿ ಕಟ್ಟಿದ ಎರಡು ಮೈಯ ದಪ್ಪ ಗೋಡೆಗಳನ್ನು ಒಂದಕ್ಕೊಂದು ಹೆಣೆಯುವ ಉದ್ದನೆಯ ಕಲ್ಲುಗಳಿರಲಿಲ್ಲ. ತೊಲೆ ಜಂತಿಗಳ ಮೇಲೆ ಬಿಸಿಲು ಮಳೆ ತಡೆಯಲೆಂದು ವರ್ಷ ವರ್ಷವೂ ಹೇರಿದ ಮಣ್ಣು ಅಡಿಗಟ್ಟಲೆ ದಪ್ಪವಾಗಿತ್ತು. ಉತ್ತರ ಕರ್ನಾಟಕದ ಮೇಲ್ಮುದ್ದೆಯ ಮನೆಗಳ ರಚನೆಯೂ ಇದೇ ಬಗೆಯದು. ಜಡಿಮಳೆ ಹಿಡಿದಾಗ ನೀರು ಕುಡಿದು ಭಾರವಾದ ಮೇಲ್ಮುದ್ದೆ ಕುಸಿಯುವುದೂ ಬುಡ ನೆನೆದ ಗೋಡೆ ಒರಗುವುದೂ ಮಳೆಗಾಲದ ಸುದ್ದಿಗಳಲ್ಲಿ ಮರಳಿ ಮರಳಿ ಬರುತ್ತವೆ. ಇದಕ್ಕೆ ಪ್ರತಿಯಾಗಿ 2001ರ ಜನವರಿ 26ರಂದು ಕಚ್ಛ್ ನಡುಗಿದಾಗ, ಅಲ್ಲಿನ ಬನ್ನಿ ಪ್ರದೇಶದ ಭೂಂಗಾಗಳು, ಅಂದರೆ ದುಂಡನೆಯ ಮಣ್ಣಿನ ಗೋಡೆಯ ಮೇಲೆ ಹಗುರವಾದ ಹುಲ್ಲಿನ ಮಾಡು ಹೊತ್ತ ಮನೆಗಳು, ಬಹುಮಟ್ಟಿಗೆ ಉಳಿದುಕೊಂಡವು. ಎರಡೂ ಕಡೆ ಇದ್ದದ್ದು ಸಹಜ ಸಾಮಗ್ರಿಯೇ. ಸಾವು ಬದುಕನ್ನು ನಿರ್ಧರಿಸಿದ್ದು ಆಕಾರ, ಹೆಣಿಗೆ ಮತ್ತು ಮಾಡಿನ ತೂಕ. ಗಣಕದ ಲೆಕ್ಕ ಅತ್ಯಗತ್ಯವಾಗುವುದು ಇಲ್ಲಿಯೇ: ಗೋಡೆ ಎಷ್ಟು ಎತ್ತರಕ್ಕೆ ಎಷ್ಟು ದಪ್ಪವಿರಬೇಕು, ಕಿಟಕಿ ಮೂಲೆಯಿಂದ ಎಷ್ಟು ದೂರವಿರಬೇಕು, ಬಿಗಿಯುವ ಪಟ್ಟಿ ಯಾವ ಮಟ್ಟದಲ್ಲಿ ಸುತ್ತಬೇಕು ಎಂಬುದನ್ನು ಒಂದು ಮನೆ ಬೀಳುವ ಮೊದಲೇ, ಕಂಪನವನ್ನು ಗಣಕದಲ್ಲಿ ಅಣಕು ಮಾಡಿ, ತಿಳಿದುಕೊಳ್ಳಬಹುದು.

ಕಚ್ಛ್‌ನ ಅದೇ ಭೂಕಂಪದ ನಂತರ ಜಪಾನಿನ ವಾಸ್ತುಶಿಲ್ಪಿ ಶಿಗೇರು ಬಾನ್ ಅವರು ಭುಜ್‌ನಲ್ಲಿ ಕಟ್ಟಿದ ಸೂರುಗಳನ್ನೂ ಇಲ್ಲಿ ನೆನೆಯಬೇಕು. 1995ರಲ್ಲಿ ಜಪಾನಿನ ಕೋಬೆ ನಗರದ ಭೂಕಂಪ ಸಂತ್ರಸ್ತರಿಗೆ ಅವರು ಕಾಗದದ ಕೊಳವೆಗಳ ಗೋಡೆ ಕಟ್ಟಿದಾಗ ಮರಳು ತುಂಬಿದ ಬಿಯರ್ ಕ್ರೇಟುಗಳು ತಳಪಾಯವಾಗಿದ್ದವು. ಭುಜ್‌ನಲ್ಲಿ ಅವರು ಬಿದ್ದ ಮನೆಗಳ ಕಲ್ಲು ಮಣ್ಣನ್ನೇ ತಳಪಾಯ ಮಾಡಿ, ಮೇಲೆ ಮಣ್ಣಿನ ನೆಲ ಬಳಿಸಿ, ಸೀಳಿದ ಬಿದಿರಿನ ಬಾಗಿದ ಮಾಡಿಗೆ ಸ್ಥಳೀಯರು ಹೆಣೆದ ಚಾಪೆಗಳನ್ನೂ ಅವುಗಳ ನಡುವೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದರು. ಮಾಡಿನ ಎರಡೂ ತುದಿಗಳ ಸಂದಿನಿಂದ ಗಾಳಿಯಾಡಿ, ಒಳಗೇ ಅಡುಗೆ ಮಾಡಿದರೂ ಹೊಗೆ ನಿಲ್ಲುತ್ತಿರಲಿಲ್ಲ.

ಈ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ದೂರ ನಡೆದವರು ಪಾಕಿಸ್ತಾನದ ಮೊದಲ ಮಹಿಳಾ ವಾಸ್ತುಶಿಲ್ಪಿ ಎಂದು ಹೆಸರಾದ ಯಾಸ್ಮೀನ್ ಲಾರಿ. ಗಾಜು, ಕಾಂಕ್ರೀಟುಗಳ ದೊಡ್ಡ ಕಟ್ಟಡಗಳನ್ನು ಕಟ್ಟಿ ವೃತ್ತಿಯಿಂದ ನಿವೃತ್ತರಾಗಿದ್ದ ಅವರು 2005ರ ಭೂಕಂಪದ ನಂತರ ಪರಿಹಾರ ಕಾರ್ಯಕ್ಕೆ ಇಳಿದರು, 2010ರ ಸಿಂಧೂ ನದಿಯ ಮಹಾಪೂರದ ನಂತರ ಬಿದಿರು, ಮಣ್ಣು, ಸುಣ್ಣ ಈ ಮೂರನ್ನೇ ನೆಚ್ಚಿದರು. ಎಂಟು ಬಿದಿರಿನ ಚೌಕಟ್ಟುಗಳನ್ನು ಮೊದಲೇ ಹೆಣೆದಿಟ್ಟುಕೊಂಡು, ಸ್ಥಳದಲ್ಲಿ ಅವನ್ನು ಅಷ್ಟಕೋನವಾಗಿ ಜೋಡಿಸಿ, ಮೇಲೆ ಕೊಡೆಯಂಥ ಮಾಡು ಕೂರಿಸಿ, ಗೋಡೆಗೆ ಸುಣ್ಣ ಬೆರೆಸಿದ ಮಣ್ಣು ಮೆತ್ತುವುದು ಅವರ ಕ್ರಮ. ನೀರು ಏರಿ ಮಣ್ಣು ಕಳಚಿಹೋದರೂ ಬಿದಿರಿನ ಹಂದರ ನಿಂತಿರುತ್ತದೆ, ನೀರಿಳಿದ ಮೇಲೆ ಮತ್ತೆ ಮಣ್ಣು ಮೆತ್ತಿದರಾಯಿತು. ಪಾಕಿಸ್ತಾನದಲ್ಲಿ ಮೂರು ಕೋಟಿಗೂ ಹೆಚ್ಚು ಜನರನ್ನು ಬಾಧಿಸಿದ 2022ರ ನೆರೆಯ ಹೊತ್ತಿಗೆ ಈ ವಿದ್ಯೆಯನ್ನು ಅವರು ಯೂಟ್ಯೂಬಿನ ದೃಶ್ಯಪಾಠಗಳ ಮೂಲಕವೂ ಹಳ್ಳಿಗಳಿಗೆ ಮುಟ್ಟಿಸುತ್ತಿದ್ದರು. 2023ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆ ಅವರಿಗೆ ರಾಯಲ್ ಚಿನ್ನದ ಪದಕ ನೀಡಿತು. ಡಿಜಿಟಲ್ ತಂತ್ರಜ್ಞಾನವೆಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರವೇ ಆಗಬೇಕಾಗಿಲ್ಲ. ಕೈಯಲ್ಲಿರುವ ಫೋನು ತಾಯ್ನುಡಿಯಲ್ಲಿ ಪಾಠ ಹೇಳಿದರೆ ಅದು ಒಂದು ಮುದ್ರಣಯಂತ್ರಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿಸಬಲ್ಲದು.

ಬಿದಿರಿಗೂ ಅದರದೇ ಶತ್ರುಗಳಿವೆ. 2017ರಲ್ಲಿ ಮ್ಯಾನ್ಮಾರಿನಿಂದ ಏಳು ಲಕ್ಷದಷ್ಟು ರೋಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಬಂದಾಗ ಅವರ ಸೂರುಗಳೆಲ್ಲ ಬಿದಿರಿನ ಮೇಲೆಯೇ ನಿಂತವು. ಆದರೆ ಎಳೆಯದಾಗಿರುವಾಗಲೇ ಕಡಿದ, ಸಂಸ್ಕರಿಸದ ಗಳುಗಳನ್ನು ಕುಟ್ಟೆ ಹುಳು ಕೊರೆದು, ನೆಲದೊಳಗೆ ಹೂತ ಬುಡ ಕೊಳೆತು, ಬೇಗನೆ ಗಳು ಬದಲಿಸಬೇಕಾಯಿತು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಬಿದಿರನ್ನು ನೆನೆಸಿಡುವ ಘಟಕಗಳು ಅಲ್ಲಿ ಆಮೇಲೆ ಆರಂಭವಾದವು. ಬೆಳೆದು ಬಲಿತ, ಅಂದರೆ ಮೂರು ನಾಲ್ಕು ವರ್ಷ ತುಂಬಿದ ಗಳುವನ್ನು ಆರಿಸಿ, ಹೀಗೆ ಸಂಸ್ಕರಿಸಿ, ಬುಡ ಮಣ್ಣಿಗೆ ತಾಗದಂತೆ ಸಣ್ಣ ಕಾಂಕ್ರೀಟು ಪೀಠದ ಮೇಲೆ ನಿಲ್ಲಿಸಿ, ಮಳೆ ಎರಚದಂತೆ ಮಾಡನ್ನು ಮುಂಚಾಚಿಸಿದರೆ ಅದೇ ಬಿದಿರು ದಶಕಗಳ ಕಾಲ ಬಾಳುತ್ತದೆ.

ಸೂರು ಎಲ್ಲಿ ನಿಲ್ಲಬೇಕೆಂಬುದು ಸೂರು ಹೇಗಿರಬೇಕೆಂಬಷ್ಟೇ ದೊಡ್ಡ ಪ್ರಶ್ನೆ, ಮತ್ತು ಇಲ್ಲಿ ಡಿಜಿಟಲ್ ಸಾಧನಗಳಿಗೆ ಸಾಟಿಯಿಲ್ಲ. 2010ರ ಜನವರಿಯಲ್ಲಿ ಭೂಕಂಪದಿಂದ ಹೈಟಿ ದೇಶದ ರಾಜಧಾನಿ ಕುಸಿದಾಗ, ಲೋಕದ ನಾನಾ ಮೂಲೆಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಅಲ್ಲಿನ ಓಣಿ ರಸ್ತೆಗಳನ್ನು ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಮುಕ್ತ ನಕಾಶೆಯಲ್ಲಿ ಕೆಲವೇ ದಿನಗಳಲ್ಲಿ ಗುರುತಿಸಿಕೊಟ್ಟರು. 2015ರ ಭೂಕಂಪದ ನಂತರ ನೇಪಾಳಕ್ಕೂ ಇದೇ ನೆರವು ದೊರೆಯಿತು. ಭಾರತದಲ್ಲಿ ಇಸ್ರೋದ ‘ಭುವನ್’ ಜಾಲತಾಣ ನೆರೆಯ ವ್ಯಾಪ್ತಿಯನ್ನು ತೋರಿಸುತ್ತದೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಭೂಕುಸಿತದ ಅಪಾಯವಿರುವ ಇಳಿಜಾರುಗಳನ್ನು ಗುರುತಿಸಿದೆ, ಕರ್ನಾಟಕದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. 2020ರಲ್ಲಿ ಆರಂಭವಾದ ‘ಸ್ವಾಮಿತ್ವ’ ಯೋಜನೆಯಡಿ ಡ್ರೋನುಗಳು ಹಳ್ಳಿಯ ಮನೆ ಮನೆಯ ಗಡಿಯನ್ನು ಅಳೆಯುತ್ತಿವೆ; ಯಾರ ಮನೆ ಎಷ್ಟು ದೊಡ್ಡದಿತ್ತೆಂಬ ದಾಖಲೆ ನೆರೆಗೆ ಮೊದಲೇ ಇದ್ದರೆ ಪರಿಹಾರದ ತಕರಾರುಗಳಲ್ಲಿ ಎಷ್ಟೋ ಹುಟ್ಟುವುದೇ ಇಲ್ಲ.

ಕರ್ನಾಟಕಕ್ಕೆ ಈ ವಿದ್ಯೆ ಹೊರಗಿನಿಂದ ಬರಬೇಕಾದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ದಶಕಗಳ ಹಿಂದೆಯೇ ರೂಢಿಗೆ ತಂದರು. ಬೆಂಗಳೂರಿನದೇ ಆದ ಪ್ಲೈವುಡ್ ಉದ್ಯಮ ಸಂಶೋಧನಾ ಸಂಸ್ಥೆ, ಬಿದಿರಿನ ಚಾಪೆಗಳನ್ನು ಅಂಟಿನಿಂದ ಒತ್ತಿ, ತಗಡಿನಂತೆ ಏಣು ಏಣಾದ ಮಾಡಿನ ಹಾಳೆಗಳನ್ನು ತಯಾರಿಸುವ ವಿಧಾನ ಕಂಡುಹಿಡಿದಿದೆ. ಬಿದಿರಿನ ಕಟ್ಟಡಗಳ ವಿನ್ಯಾಸಕ್ಕೆ ಭಾರತೀಯ ಮಾನಕವೂ ಇದೆ. 2017ರ ಕಾನೂನು ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ‘ಮರ’ ಎಂಬ ಪಟ್ಟಿಯಿಂದ ಹೊರಬಿದ್ದಿರುವುದರಿಂದ, ರೈತರು ತಮ್ಮ ಬದುವಿನ ಬಿದಿರು ಕಡಿದು ಮಾರಲು ಮುಂಚಿನ ತೊಡಕುಗಳಿಲ್ಲ.

ಆದರೆ ಇಲ್ಲಿಯ ನೆಲ ಮತ್ತು ಋತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಟಲಿಯನ್ನೋ ಇರಾನನ್ನೋ ಅನುಕರಿಸಿದರೆ ಪ್ರಯೋಜನವಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಗಳ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರಿಂದ ಗೋಡೆ ಕಟ್ಟಬೇಕಾದರೆ ಗರಸನ್ನೋ ಮರಳನ್ನೋ ಸೇರಿಸಬೇಕು, ಸಿಮೆಂಟಿಗಿಂತ ಸುಣ್ಣ ಬೆರೆಸಬೇಕು. ಅದನ್ನು ಪರೀಕ್ಷಿಸಲು ಪ್ರಯೋಗಾಲಯವೂ ಬೇಕಿಲ್ಲ: ಒಂದು ಗಾಜಿನ ಸೀಸೆಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟರೆ ಮೊದಲು ಮರಳು, ಅದರ ಮೇಲೆ ಹೂಳು, ಕೊನೆಗೆ ಜಿಗುಟು ಮಣ್ಣು ಪದರ ಪದರವಾಗಿ ಕೂರುತ್ತವೆ, ಅಳತೆಪಟ್ಟಿ ಹಿಡಿದು ಪಾಲು ಓದಬಹುದು. ಇನ್ನು ನೆರೆ ಬರುವುದು ಹೆಚ್ಚಾಗಿ ಜುಲೈ ಆಗಸ್ಟುಗಳಲ್ಲಿ, ಮಣ್ಣು ಒಣಗದ ಕಾಲದಲ್ಲಿ. ಆದ್ದರಿಂದ ಇಲ್ಲಿಯ ಕ್ರಮ ತಲೆಕೆಳಗಾಗಬೇಕು: ಮೊದಲು ಎತ್ತರದ ಕಟ್ಟೆ, ಬಿದಿರಿನ ಹಂದರ, ಮಾಡು, ಗೋಡೆಗೆ ಸದ್ಯಕ್ಕೆ ಬಿದಿರಿನ ತಟ್ಟಿ, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಆ ತಟ್ಟಿಗೇ ಮಣ್ಣು ಸುಣ್ಣಗಳ ಮೆತ್ತುಗೆ. ಸಂತ್ರಸ್ತರು ಬಯಸಿದರೆ ಅದೇ ಹಂದರ ಶಾಶ್ವತ ಮನೆಯ ಹಿಂದಿನ ಪಡಸಾಲೆಯಾಗಿಯೋ ದನದ ಕೊಟ್ಟಿಗೆಯಾಗಿಯೋ ಉಳಿಯುತ್ತದೆ. ತಗಡಿನ ಶೆಡ್ಡಿನಂತೆ ಗುಜರಿಗೆ ಹೋಗುವುದಿಲ್ಲ.

ಇದೆಲ್ಲ ನೆರೆ ಬಂದ ದಿನ ಆರಂಭವಾಗುವ ಕೆಲಸವಲ್ಲ. ನದಿ ದಂಡೆಯ ಮತ್ತು ಮಲೆನಾಡಿನ ಇಳಿಜಾರಿನ ಪ್ರತಿಯೊಂದು ಪಂಚಾಯಿತಿಯಲ್ಲಿಯೂ ಸಂಸ್ಕರಿಸಿದ ಬಿದಿರಿನ ದಾಸ್ತಾನು, ಸುರಕ್ಷಿತ ಜಾಗವನ್ನು ಗುರುತಿಸಿದ ನಕಾಶೆ, ಆ ಊರಿನ ಮಣ್ಣಿಗೆ ತಕ್ಕಂತೆ ಎಂಜಿನಿಯರಿಂಗ್ ಕಾಲೇಜಿನವರು ಲೆಕ್ಕ ಹಾಕಿ ಕೊಟ್ಟ ನಕ್ಷೆ, ಅದನ್ನು ಕನ್ನಡದಲ್ಲಿ ತೋರಿಸುವ ದೃಶ್ಯಪಾಠ, ಒಂದು ಸಲವಾದರೂ ಅಂಥ ಸೂರು ಕಟ್ಟಿ ನೋಡಿದ ನಾಲ್ಕಾರು ಬಡಗಿಗಳು ಮತ್ತು ಗಾರೆ ಕೆಲಸದವರು ಮೇ ತಿಂಗಳೊಳಗೆ ಸಿದ್ಧವಾಗಿರಬೇಕು. ಕಾಳಜಿ ಕೇಂದ್ರಗಳ ಪಟ್ಟಿಯನ್ನು ಪ್ರತಿ ವರ್ಷ ಮಾಡುವ ಆಡಳಿತಕ್ಕೆ ಈ ಪಟ್ಟಿಯನ್ನೂ ಮಾಡುವುದು ಅಸಾಧ್ಯವಲ್ಲ, ಆದರೆ ಕೇಳುವವರಿಲ್ಲದೆ ಅದು ಆಗುವುದಿಲ್ಲ. ನೆರೆಗೆ ತುತ್ತಾಗುವ ಊರುಗಳಲ್ಲಿ ವಾಸಿಸುವವರು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಬೇಕು, ನಡಾವಳಿ ಪುಸ್ತಕದಲ್ಲಿ ಬರೆಸಬೇಕು.